ಲಾಲ್‌ಬೀಯ ಪಾಸ್‌ವರ್ಡ್

“‘ಅಕ್ಕಾ, ಇದನ್ನ ನಿಮ್ಮ ಓಣಿ ಕೋಳಿನೂ ಹೇಳತೈತಿ!’” ಮೊಬೈಲಿನಲ್ಲಿ ಬಂದ ಮಾತನ್ನು ಲಾಲ್‌ಬೀ ಗಟ್ಟಿಯಾಗಿ ಓದಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಪಾಸ್‌ವರ್ಡ್ ಕೇಳಿದಲ್ಲಿ ತನ್ನ ಹೆಸರನ್ನೇ ಒತ್ತಿದ್ದಳು.

ಎದುರಿಗೆ ಕುಳಿತ ಸುರೇಖಾಳ ಮುಖ ಅರಳಿತು. ರೊಟ್ಟಿ ಮಾರುವ ಹೆಂಗಸರ ವೆಬ್‌ಸೈಟಿಗೆ ಈ ಮಾತುಗಳನ್ನು ಬರೆದವಳು ಅವಳೇ. ಅವು ಹೇಗೆ ನಾಟುತ್ತವೆಂದು ನೋಡಲು ಸಿಂಧನೂರಿನಿಂದ ಬಸ್ಸಿನಲ್ಲಿ ಮಸ್ಕಿಗೆ ಬಂದಿದ್ದಳು. ಮೊದಲು ಪಾಸ್‌ವರ್ಡ್ ಸುಲಭದ್ದಾದರೆ ವೆಬ್‌ಸೈಟಿನಲ್ಲಿ ಬರೀ ಕೆಂಪು ಗೆರೆ ಬರುತ್ತಿತ್ತು. ಅದನ್ನು ಕಂಡು ಲಾಲ್‌ಬೀ, ಪರೀಕ್ಷೆಯಲ್ಲಿ ನಪಾಸಾದವಳಂತೆ, ಮೊಬೈಲನ್ನು ಮೈದುನ ಮುಕ್ತಿಯಾರನ ಕೈಗಿತ್ತಿದ್ದಳು. ಅಂದಿನಿಂದ ಆರ್ಡರೆಲ್ಲ ಅವನ ಖಾತೆಗೆ. ಅವನು ಹೇಳಿದಷ್ಟು ರೊಟ್ಟಿ, ಅವನು ಹೇಳಿದ್ದೇ ದರ. ತನ್ನ ರೊಟ್ಟಿ ಯಾರ ಮನೆಗೆ ಹೋಗುತ್ತದೆಂಬುದೂ ಅವಳಿಗೆ ತಿಳಿಯುತ್ತಿರಲಿಲ್ಲ. ಇವತ್ತು ತನ್ನದೇ ಖಾತೆ ತೆರೆಯಲು ಕುಳಿತಿದ್ದಳು.

ಈ ಸಲ ತಾನು ಸಾಕಿದ ಆಡು ಮೋತಿಯ ಹೆಸರು ಒತ್ತಿದಳು. “‘ಇಂಥಾ ಬಾಗಿಲಾ ಬೆಕ್ಕೂ ದೂಡತೈತಿ.’ ಅಯ್ಯ, ಎಷ್ಟು ಸೊಕ್ಕೈತಿ ಇದಕ್ಕ!”

ನಗು ಕೇಳಿ ಪಕ್ಕದ ಮನೆಯ ಗಿರಿಯಮ್ಮ ಹಿಟ್ಟಿನ ಕೈಯಲ್ಲೇ ಬಂದು ಮೊಬೈಲಿಗೆ ಇಣುಕಿದಳು. “ಮೋತಿ ಅಂತ ಬರದಿ? ಅದರ ಮುಂದ ನಿನ್ನ ತವರೂರು ಹಾಕಬೇ, ಪಾಮನಕಲ್ಲೂರು. ಮ್ಯಾಲೊಂದು ನಂಬರ್ ಒಗಿ.”

“ಏಳು ಹಾಕ್ರಿ ಭಾಭಿ. ಕಡೀಕ ಎರಡು ಚುಕ್ಕಿ,” ಎಂದ ಬಾಗಿಲಲ್ಲಿ ನಿಂತ ಮುಕ್ತಿಯಾರ್.

ಲಾಲ್‌ಬೀ ಅಷ್ಟನ್ನೂ ಒತ್ತಿದೊಡನೆ ಗೆರೆ ಹಸಿರಾಯಿತು. “‘ಆತು ನೋಡಕ್ಕ! ಇನ್ನ ಕಳ್ಳ ಬಂದ್ರೂ ಹೊಸ್ತಿಲದಾಗ ಕುಂತು ಅಳತಾನ!’”

ಎಲ್ಲರೂ ನಕ್ಕರು. ಮುಕ್ತಿಯಾರನಂತೂ ಕಣ್ಣೊರೆಸಿಕೊಂಡ. “ಮೋತಿ, ಪಾಮನಕಲ್ಲೂರು, ಏಳು, ಎರಡು ಚುಕ್ಕಿ. ನನಗ ಬಾಯಿಪಾಠ ಆತು. ನೀವು ಮರತ್ರೂ ಚಿಂತಿಲ್ಲ ಭಾಭಿ, ನಾ ಅದೀನಲ್ಲ.”

ಸುರೇಖಾಳ ನಗು ಅಲ್ಲೇ ನಿಂತಿತು. ನಗಿಸುವ ಮಾತು ಬರೆಯುವಾಗ, ನಗು ಬಂದವರು ಅದನ್ನು ಹಂಚಿಕೊಳ್ಳದೆ ಇರಲಾರರೆಂಬುದು ಅವಳಿಗೆ ಹೊಳೆದಿರಲಿಲ್ಲ. “ಅಕ್ಕಾ, ಇದು ನಿಮಗೊಬ್ಬರಿಗೇ ಗೊತ್ತಿರಬೇಕ್ರಿ,” ಎಂದಳು ಮೆಲ್ಲಗೆ.

ಲಾಲ್‌ಬೀ ಮೈದುನನ ಮುಖ ನೋಡಿದಳು. ಅವನಲ್ಲಿ ಕೇಡೇನೂ ಕಾಣಲಿಲ್ಲ. ಆದರೂ ಬೆರಳೊತ್ತಿ ಎಲ್ಲವನ್ನೂ ಅಳಿಸಿದಳು. ಗೋಡೆಯ ಕಡೆ ತಿರುಗಿ ಕುಳಿತು, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು.

“ಈಗೇನಂತ ಬಂತಬೇ? ಓದು,” ಎಂದಳು ಗಿರಿಯಮ್ಮ.

ಮುಕ್ತಿಯಾರ್ ಕತ್ತು ಚಾಚಿ, ಮತ್ತೆ ಹಿಂದಕ್ಕೆ ಸರಿದ. ಲಾಲ್‌ಬೀ ಮೊಬೈಲಿನ ಮೇಲೆ ಸೆರಗು ಎಳೆದುಕೊಂಡಳು. ಸದ್ದಿಲ್ಲದ ನಗುವಿಗೆ ಅವಳ ಭುಜಗಳು ಕುಲುಕುತ್ತಿದ್ದವು.