ಸದ್ದಿಲ್ಲದ ಹೊತ್ತು

"ಮೂರು ಹೊಡೀತು! ಇನ್ನೂ ಗೊರ್ ಅಂತಿದೆಯಲ್ಲೇ ನಿನ್ನ ಫ್ಯಾನು! ಮನುಷ್ಯರು ಮಲಗೋದು ಬೇಡ್ವಾ?"

ವಿದ್ಯುತ್ ಕೇಂದ್ರದ ಬೇಲಿಗೆ ಅಂಟಿಕೊಂಡ ಮನೆಯ ಬಾಲ್ಕನಿಯಿಂದ ಪೋಲಿಕ್ಸೇನಿ ಕೂಗಿದಳು. ಗ್ರೀಸಿನ ಬೇಸಿಗೆಯಲ್ಲಿ ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಯಾರೂ ಸದ್ದು ಮಾಡುವಂತಿಲ್ಲ. ಈ ಕಟ್ಟಳೆ ಟ್ರಾನ್ಸ್‌ಫಾರ್ಮರನ್ನು ತಣಿಸುವ ಫ್ಯಾನುಗಳಿಗೂ ಅನ್ವಯಿಸುತ್ತದೆಂದು ಬೀದಿಯವರು ಮೂರು ಬೇಸಿಗೆಯಿಂದ ಹಟ ಹಿಡಿದಿದ್ದರು. ಅವರಿಗೆ ತಣ್ಣನೆಯ ಕೋಣೆಯೂ ಬೇಕು, ಅದಕ್ಕೆ ಕರೆಂಟು ಕೊಡುವ ಯಂತ್ರ ಬಾಯಿ ಮುಚ್ಚಿಕೊಂಡೂ ಇರಬೇಕು.

ಕೇಂದ್ರದ ಇಂಜಿನಿಯರ್ ಎವ್ದೋಕಿಯ ತಾಪಮಾಪಕದತ್ತ ನೋಡಿದಳು. ಮುಳ್ಳು ಕೆಂಪು ಗೆರೆಗೆ ತಾಗಿತ್ತು.

"ಅಮ್ಮಾ, ನಿಮ್ಮನೆ ಏಸಿ ಓಡ್ತಿರೋದೇ ಇದರಿಂದ. ಒಳಗೆ ತಂತಿಗೆ ಸುತ್ತಿರೋದು ಬರೀ ಕಾಗದ, ಎಣ್ಣೇಲಿ ನೆನೆಸಿದ್ದು. ಬಿಸಿ ಏರಿದ್ರೆ ಹಪ್ಪಳ ಆಗುತ್ತೆ. ಆಮೇಲೆ ಎಷ್ಟು ತಣ್ಣಗಾದ್ರೂ ಮೊದಲಿನ ಹಾಗಾಗಲ್ಲ."

"ಕಾಗದದ ಮೇಲಿರೋ ಕನಿಕರ ನನ್ನ ಗಂಡನ ಮೇಲಿಲ್ವೇನೇ? ಲಕ್ವ ಹೊಡೆದು ಮಲಗಿದಾರೆ. ಈ ಸೆಖೇಲಿ ನಿದ್ದೆನೂ ಕೆಟ್ರೆ ಉಳೀತಾರಾ?"

ಅಷ್ಟರಲ್ಲಿ ಫೋನು ಬಂತು. ಮೇಲಧಿಕಾರಿ ಸ್ಟೆರ್ಗಿಯೋಸ್ ಕಲ್ಲಂಗಡಿ ಮೆಲ್ಲುತ್ತಿದ್ದ. ಆ ಲೊಚಲೊಚ ಸದ್ದಿಗೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಳು.

"ಫ್ಯಾನು ಆರಿಸ್ಬಿಡಮ್ಮ. ದೂರು ಕೊಟ್ಟಾಕೆ ಮೇಯರ್ ಅತ್ತೆ. ಹೋದ ವರ್ಷ ಆರಿಸಿದ್ವಲ್ಲ, ಏನಾಯ್ತು?"

"ಆಗಿದ್ದು ಕಣ್ಣಿಗೆ ಕಾಣಲ್ಲ ಸಾರ್."

"ಕಾಣಲ್ಲ ಅಂದ್ಮೇಲೆ ಬಿಡು ಮತ್ತೆ."

ಆರಿಸಿದಳು. ಆ ಮನುಷ್ಯನ ಮೇಲೆ, ಆ ಬೀದಿಯ ಮೇಲೆ ಹೇಸಿಗೆಯಾಯಿತು. ಗುಂಡಿ ಒತ್ತಿದ ತನ್ನ ಬೆರಳಿನ ಮೇಲೆ ಎಲ್ಲಕ್ಕಿಂತ ಹೆಚ್ಚು.

ನಾಲ್ಕಾಗಿರಲಿಲ್ಲ. ಟ್ರಾನ್ಸ್‌ಫಾರ್ಮರಿನ ಹೊಟ್ಟೆಯೊಳಗೆ ಧಡ್ಡೆಂದಿತು. ಸೀದ ಎಣ್ಣೆಯ ಕೆಟ್ಟ ನಾತ ಅಂಗಳ ತುಂಬಿತು. ಬೀದಿಯ ಏಸಿಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟು ನಿಂತವು. ಊರಿಗೆ ಊರೇ ಇಷ್ಟು ನಿಶ್ಶಬ್ದವಾದದ್ದನ್ನು ಎವ್ದೋಕಿಯ ಎಂದೂ ಕಂಡಿರಲಿಲ್ಲ.

ಅವಳು ಎಲ್ಲೆಲ್ಲಿಗೋ ಫೋನು ಮಾಡಿದಳು. ಬೇರೆ ಟ್ರಾನ್ಸ್‌ಫಾರ್ಮರ್ ಬರಲು ದಿನಗಳೇ ಬೇಕು ಎಂದರು. ಹೊರಗೆ ಬಂದಾಗ ಬಾಲ್ಕನಿಗಳಲ್ಲೆಲ್ಲ ಜನ. ಪೋಲಿಕ್ಸೇನಿ ಗಂಡನನ್ನು ಮಂಚದ ಸಮೇತ ಹೊರಗೆಳೆದು, ಮಿಠಾಯಿ ಡಬ್ಬಿಯ ರಟ್ಟಿನಿಂದ ಗಾಳಿ ಹಾಕುತ್ತಿದ್ದಳು. ಮುದುಕನ ಬಾಯಿ ತೆರೆದೇ ಇತ್ತು.

"ಫ್ಯಾನ್ ಹಾಕೇ!" ಅವಳು ಕಿರುಚಿದಳು. "ಈಗ ನಾನೇ ಹೇಳ್ತಿದೀನಲ್ಲ, ಹಾಕೇ!"

ಅಂಗಳದಲ್ಲಿ ಫ್ಯಾನಿನ ರೆಕ್ಕೆಗಳು ನಿಂತಲ್ಲೇ ನಿಂತಿದ್ದವು. ಮೇಲೆ ಆ ರಟ್ಟು ಮಾತ್ರ ಆಡುತ್ತಿತ್ತು, ಬರಬರುತ್ತಾ ನಿಧಾನವಾಗಿ.