ಇಪ್ಪತ್ತನಾಲ್ಕು ದಿನದ ಬಣ್ಣ

ಕಿಮಿಯೆ ಸಂಚಿಯಿಂದ ರೇಷ್ಮೆಯ ಗಂಟನ್ನು ತೆಗೆದು ಮೇಜಿನ ಮೇಲಿಟ್ಟಳು, ಬಿಚ್ಚಲಿಲ್ಲ. ಬಿಚ್ಚಿದ್ದು ಮಿಸಾವೊ. ಒಳಗಿದ್ದ ಕಬ್ಬಿಣದ ಬಿಲ್ಲೆ ಮೀನಿನ ಹೊಟ್ಟೆಯ ಹಾಗೆ ಬೆಳ್ಳಗಿತ್ತು.

ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂತು ಕೈ ಕಾಯುವ ಬಿಲ್ಲೆ, ತ್ಸುಬಾ. ಮುನ್ನೂರೈವತ್ತು ವರ್ಷದ ಹಿಂದೆ ಇದೇ ಕುಮಾಮೊತೊ ಊರಿನಲ್ಲಿ ಯಾರೋ ಬಡಿದದ್ದು. ಅದರಲ್ಲಿ ಕೊರೆದ ಎರಡು ಕೊಕ್ಕರೆಗಳನ್ನು ಮಿಸಾವೊ ಕಣ್ಣು ಮುಚ್ಚಿ ಮುಟ್ಟಿದರೂ ಗುರುತಿಸುತ್ತಿದ್ದಳು. ಏಳು ವರ್ಷ ಅವಳು ಅದನ್ನು ದಿನಾ ನೋಡಿದ್ದು ಗುರು ತಾಶಿರೊ ಅವರ ಎಡಗೈಯಲ್ಲಿ. ಚಹಾ ಆರುವುದನ್ನು ಕಾಯುವಾಗ, ಶಿಷ್ಯರನ್ನು ಬೈಯುವಾಗ, ಸುಮ್ಮನೆ ಮಳೆ ನೋಡುವಾಗ ಒಂದು ತುಂಡು ಹತ್ತಿಬಟ್ಟೆಯ ಜೊತೆ ಅದು ಅವರ ಕೈಯಲ್ಲಿ ತಿರುಗುತ್ತಲೇ ಇರುತ್ತಿತ್ತು. ಐವತ್ತು ವರ್ಷ ಹಾಗೆ ಉಜ್ಜಿ ಉಜ್ಜಿ ಅದಕ್ಕೆ ಬಂದಿದ್ದ ಬಣ್ಣವನ್ನು ಕಪ್ಪು ಎನ್ನಲಾಗದು, ಕಂದು ಎಂದರೂ ತಪ್ಪು. ಕೆಂಪು ಕಾಳು ಅರೆದು ಕಟ್ಟಿದ ಯೋಕಾನ್ ಮಿಠಾಯಿಯನ್ನು ತೆಳ್ಳಗೆ ಕೊಯ್ದು ಬೆಳಕಿಗೆ ಹಿಡಿದರೆ ಒಳಗಿನಿಂದ ನೇರಳೆ ಇಣುಕುತ್ತದಲ್ಲ, ಅಂಥದ್ದು.

ಕಿಮಿಯೆ ತಾಶಿರೊ ಅವರ ಸೊಸೆ. ಮಾವ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಗೋಡೆಯಿಂದ ನೀರಿಳಿದು, ಬಿಲ್ಲೆ ಇಟ್ಟಿದ್ದ ಖಾನೆ ಒದ್ದೆಯಾಗಿ, ಒಂದು ಕೊಕ್ಕರೆಯ ರೆಕ್ಕೆಗೆ ಕೆಂಪು ತುಕ್ಕು ಹತ್ತಿತ್ತು. ಅವಳು ಹೆದರಿ, ನೀರು ಕಾಯಿಸುವ ಕೆಟಲಿನ ಸುಣ್ಣದ ಪದರ ಬಿಡಿಸಲು ತಂದಿದ್ದ ನಿಂಬೆಹುಳಿಯ ಪುಡಿ ಕದಡಿದ ನೀರಿನಲ್ಲಿ ಬಿಲ್ಲೆಯನ್ನು ಒಂದು ದಿನ ನೆನೆಹಾಕಿದ್ದಳು. ತುಕ್ಕು ಹೋಯಿತು. ಐವತ್ತು ವರ್ಷವೂ ಅದರ ಜೊತೆಗೇ ಹೋಯಿತು.

ನೊನಾಕಾ ಅವರ ಹತ್ತಿರ ಯಾಕೆ ಹೋಗಲಿಲ್ಲ ಎಂದು ಮಿಸಾವೊ ಕೇಳಿದಳು. ನೊನಾಕಾ ಗುರುಗಳ ಹಿರಿಯ ಶಿಷ್ಯ.

"ಅವರಿಗೆ ಕೊಟ್ರೆ ಸಂಜೆಯೊಳಗೆ ಮಾವನ ಕಿವಿಗೆ ಬೀಳತ್ತೆ. ಅವರು ಉಜ್ಜೋಕೆ ಕೂತ್ರೆ ನನ್ನ ಮೊಮ್ಮಕ್ಕಳ ಮದುವೆ ಹೊತ್ತಿಗೆ ಮುಗಿಯತ್ತೆ. ಮಾವ ಬರೋದು ಇನ್ನು ಇಪ್ಪತ್ತೈದು ದಿನಕ್ಕೆ. ಮಿಸಾವೊ-ಸಾನ್, ನಿಮ್ಮ ಹತ್ರ ಆ ಔಷಧಿ ಇದೆಯಲ್ಲ?"

ಆ ಔಷಧಿಗಾಗಿಯೇ ಮಿಸಾವೊ ಗುರುಗಳ ಶಿಷ್ಯರ ಸಾಲಿನಿಂದ ಹೊರಗೆ ಬಿದ್ದದ್ದು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಬಂದಿದ್ದ ಅವಳು, ತುಕ್ಕು ಹಿಡಿಸುವ ಒಂದು ದ್ರವವನ್ನು ತಾನೇ ಹದ ಮಾಡಿ, ಹನ್ನೊಂದು ವರ್ಷದ ಹಿಂದೆ, ಹಾಳಾದ ಒಂದು ಸಣ್ಣ ಬಿಲ್ಲೆಗೆ ಬಣ್ಣ ಕಟ್ಟಿ ಗುರುಗಳ ಮುಂದಿಟ್ಟಿದ್ದಳು. ಅವರು ತಿರುಗಿಸಿ ನೋಡಿ, ಯಾವ ಮನೆತನದಲ್ಲಿತ್ತು ಇದು, ನಾಲ್ಕು ತಲೆಮಾರು ಕೈಯಾಡಿಸಿದ್ದಾರೆ ಎಂದರು. ಇಪ್ಪತ್ತು ದಿನದ ಕೆಲಸ ಎಂದು ಅವಳು ಖುಷಿಯಿಂದ ಬಾಯಿಬಿಟ್ಟಳು. ಅವರೇನೂ ಕೂಗಾಡಲಿಲ್ಲ. ಎದ್ದು ಹೋಗಿ, ಕಾರ್ಯಶಾಲೆಯ ಗೋಡೆಯಲ್ಲಿ ಸಾಲಾಗಿ ನೇತುಹಾಕಿದ್ದ ಶಿಷ್ಯರ ಹೆಸರಿನ ಮರದ ಫಲಕಗಳಲ್ಲಿ ನಾಲ್ಕನೆಯದನ್ನು, ಅವಳದನ್ನು, ಮೊಳೆಯಿಂದ ತೆಗೆದರು. ಅಂದಿನಿಂದ ದೇವಾಲಯಗಳ, ವಸ್ತುಸಂಗ್ರಹಾಲಯಗಳ ಕೆಲಸ ಅವಳಿಗೆ ಬರಲಿಲ್ಲ. ತಾಶಿರೊ ಗೋಡೆಯಲ್ಲಿ ಹೆಸರಿಲ್ಲದವರಿಗೆ ಸಂತೆಯ ತುಕ್ಕುಗಬ್ಬಿಣವೇ ಗತಿ.

ಏನು ಕೊಡಬೇಕು ಎಂದು ಕಿಮಿಯೆ ಕೇಳಿದಾಗ ಮಿಸಾವೊ ಫಲಕ ಎಂದಳು. ಮಾವ ಮನೆಗೆ ಬಂದ ವಾರಕ್ಕೆ ಅವರ ಎಂಬತ್ತೆಂಟರ ಹುಟ್ಟುಹಬ್ಬ, ಆ ದಿನ ತಾನೇ ಮಾತೆತ್ತುತ್ತೇನೆ, ಬಿಲ್ಲೆಯ ಸಂಗತಿ ಮಾತ್ರ ಯಾರಿಗೂ ಗೊತ್ತಾಗಬಾರದು ಎಂದು ಕಿಮಿಯೆ ಬಗ್ಗಿದಳು. ಮಿಸಾವೊ ಮಾತು ಕೊಟ್ಟಳು.

ಕೆಲಸ ಸರಳ, ಬೇಸರದ್ದು. ಬಿಲ್ಲೆಯನ್ನು ಬೂದಿನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯಬೇಕು. ಇದ್ದಿಲ ಮೇಲೆ, ಕೈಗೆ ಸಹಿಸುವಷ್ಟೇ ಬಿಸಿ ಮಾಡಿ ಕುಂಚದಿಂದ ದ್ರವ ಹಚ್ಚಬೇಕು. ಒದ್ದೆಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಕಿತ್ತಳೆ ಬಣ್ಣದ ನವಿರು ತುಕ್ಕು ಎದ್ದಿರುತ್ತದೆ. ಅದನ್ನು ದಟ್ಟ ಚಹಾದಲ್ಲಿ ಕುದಿಸಿದರೆ ಕಪ್ಪಾಗಿ ಕಚ್ಚಿಕೊಳ್ಳುತ್ತದೆ, ಸಡಿಲವಾದದ್ದು ಉಜ್ಜಿದರೆ ಹೋಗುತ್ತದೆ. ಉಳಿಯುವ ಪದರ ಕೂದಲಿಗಿಂತ ತೆಳು. ಮತ್ತೆ ಮೊದಲಿಂದ. ದ್ರವದ ಉಪ್ಪು ಒಂದು ಕಣ ಒಳಗುಳಿದರೂ ಮುಂದೆ ಅದೇ ಜಾಗದಲ್ಲಿ ಕಬ್ಬಿಣ ಬೆವರಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಪ್ರತಿಸಲವೂ ಮೂರು ನೀರಿನಲ್ಲಿ ಕುದಿಸಿ, ಕೊನೆಯ ನೀರನ್ನು ಪರೀಕ್ಷಿಸಿ, ಪುಸ್ತಕದಲ್ಲಿ ಬರೆದಿಟ್ಟಳು. ಹತ್ತೊಂಬತ್ತು ಪದರಗಳಾದವು.

ಪುಸ್ತಕದಲ್ಲಿ ಬರೆಯಲಾಗದ್ದು ಗುರುಗಳ ಹೆಬ್ಬೆರಳು. ಐವತ್ತು ವರ್ಷ ಅದು ಓಡಾಡಿದ್ದು ಒಂದೇ ದಾರಿಯಲ್ಲಿ. ಎಡ ಅಂಚಿನಿಂದ ಕೆಳಗಿನ ಕೊಕ್ಕರೆಯ ಕತ್ತಿನವರೆಗೆ ಬಿಲ್ಲೆ ಹೆಚ್ಚು ಹೊಳೆಯುತ್ತಿತ್ತು, ಕೊಕ್ಕಿನ ಸಂದಿಯಲ್ಲಿ ಮಂಕಾಗಿತ್ತು. ಮಿಸಾವೊ ಕಣ್ಣು ಮುಚ್ಚಿ ಆ ಕೈಯನ್ನು ನೆನೆಸಿಕೊಂಡಳು. ಅವರು ಕೂತಂತೆ ಕೂತು, ಬಿಲ್ಲೆಯನ್ನು ಅವರು ಹಿಡಿದಂತೆ ಹಿಡಿದು, ಕೊನೆಯ ಐದು ದಿನ ತನ್ನ ಹೆಬ್ಬೆರಳನ್ನು ಅದೇ ದಾರಿಯಲ್ಲಿ ಓಡಿಸಿದಳು. ಚರ್ಮ ಸುಲಿಯಿತು. ಇಪ್ಪತ್ತನಾಲ್ಕನೆಯ ದಿನ ಕಿಟಕಿಯ ಬೆಳಕಿಗೆ ಹಿಡಿದಾಗ ಒಳಗಿನಿಂದ ನೇರಳೆ ಇಣುಕಿತು. ಇದಕ್ಕಿಂತ ಚೆನ್ನಾಗಿ ಅವಳು ಏನನ್ನೂ ಮಾಡಿರಲಿಲ್ಲ. ಅದನ್ನು ತೋರಿಸಲು ಅವಳಿಗೆ ಇದ್ದದ್ದು ಗುರುಗಳೊಬ್ಬರೇ, ಅವರಿಗೇ ಹೇಳುವಂತಿರಲಿಲ್ಲ.

ಹುಟ್ಟುಹಬ್ಬದ ದಿನ ಹನ್ನೆರಡು ಮಂದಿ ಸೇರಿದ್ದರು. ಸಾಸಿವೆ ತುಂಬಿದ ತಾವರೆಬೇರು, ಮೀನು, ಬಿಸಿ ಮಾಡಿದ ಅಕ್ಕಿಮದ್ಯ ಸಾಕೆ. ಗುರುಗಳು ತೆಳ್ಳಗಾಗಿದ್ದರು, ಗಂಟಲು ಮಾತ್ರ ಹಾಗೇ ಇತ್ತು. ಕಿಮಿಯೆಯ ಕರೆಯ ಮೇಲೆ ಬಂದ ಮಿಸಾವೊ ಬಾಗಿಲ ಬದಿಯ ಕೊನೆಯ ಚಾಪೆಯಲ್ಲಿ ಕೂತಳು. ಗೋಡೆಯಲ್ಲಿ ನಾಲ್ಕನೆಯ ಮೊಳೆ ಇನ್ನೂ ಖಾಲಿಯಿತ್ತು. ಯಾರ ಫಲಕವನ್ನೂ ಮುಂದಕ್ಕೆ ಸರಿಸಿರಲಿಲ್ಲ. ಅದನ್ನು ಕಂಡು ಅವಳಿಗೆ ಆಸೆ ಹೆಚ್ಚಾಯಿತು.

ಊಟವಾದ ಮೇಲೆ ಬಿಲ್ಲೆ ಸುತ್ತು ಬಂತು. ಪಡೆದವರು ಅಂಚಷ್ಟೇ ಹಿಡಿದು, ದಿಂಬಿನ ಮೇಲೆ ತಗ್ಗಿಸಿ, ಎರಡೂ ಮುಖ ನೋಡಿ, ಒಂದು ಮಾತು ಹೇಳಿ ಮುಂದಿನವರಿಗೆ ಕೊಡಬೇಕು. ನೊನಾಕಾ ಬಹಳ ಹೊತ್ತು ನೋಡಿದ. ಆಸ್ಪತ್ರೆಗೆ ಹೋಗುವ ಮೊದಲಿಗಿಂತ ಆಳವಾಗಿದೆ ಎಂದ. ಗುರುಗಳು ನಕ್ಕು, ಮೂರು ತಿಂಗಳು ನನ್ನ ಕಾಟ ತಪ್ಪಿ ಅದಕ್ಕೂ ನಿದ್ದೆ ಹತ್ತಿರಬೇಕು ಎಂದರು. ಎಲ್ಲರೂ ನಕ್ಕರು. ಕಿಮಿಯೆ ಸಾಕೆಯ ಹೂಜಿ ಹಿಡಿದುಕೊಂಡೇ ಮಂಡಿಯೂರಿ, ಒಗಾತಾ ಮಿಸಾವೊ ಅವರ ಫಲಕವನ್ನು ಇವತ್ತಿನ ಶುಭದಿನ ಮತ್ತೆ ಹಾಕಬಹುದಲ್ಲ ಎಂದು ಕೇಳಿದಳು. ಅಷ್ಟು ಹೊತ್ತಿಗೆ ಬಿಲ್ಲೆ ಮಿಸಾವೊಳ ಕೈಗೆ ಬಂದಿತ್ತು.

"ಒಗಾತಾ, ಚೆನ್ನಾಗಿ ನೋಡು ಅದನ್ನ" ಎಂದರು ಗುರುಗಳು.

ಅವಳು ನೋಡಿದಳು.

"ನಿನ್ನ ಸೀಸೆಯಿಂದ ಈ ಬಣ್ಣ ಬರತ್ತಾ?"

ಕಿಮಿಯೆ ಹೂಜಿಯನ್ನು ಚಾಪೆಯ ಮೇಲಿಟ್ಟಳು. ಗುರುಗಳೇ ಮಾತು ಮುಂದುವರಿಸಿದರು.

"ಸಿಟ್ಟಿಲ್ಲ ನಂಗೆ. ಎಂಬತ್ತೆಂಟಾಯ್ತು, ಸಿಟ್ಟಿಗೆಲ್ಲ ಶಕ್ತಿ ಎಲ್ಲಿದೆ. ಬರಲ್ಲ ಅಂತ ಇವರೆದುರಿಗೆ ಒಂದು ಮಾತು ಹೇಳು. ಆ ಸೀಸೆ ಇನ್ನು ಮುಟ್ಟಲ್ಲ ಅನ್ನು. ನೊನಾಕಾನೇ ಎದ್ದು ನಿನ್ನ ಫಲಕ ಹಾಕ್ತಾನೆ."

ಮಿಸಾವೊ ಬಿಲ್ಲೆಯ ಕೆಳಗಿನ ಕೊಕ್ಕರೆಯನ್ನೇ ನೋಡುತ್ತಿದ್ದಳು. ಬರುತ್ತದೆ ಎಂದರೆ ಅವಳ ಹನ್ನೊಂದು ವರ್ಷ ಒಂದು ಮಾತಿನಲ್ಲಿ ಸರಿಯಾಗುತ್ತಿತ್ತು. ಮುದುಕ ಐವತ್ತು ವರ್ಷ ಪೂಜಿಸಿದ ಮೂರ್ತಿಯನ್ನೇ ಕಳೆದುಕೊಂಡವನಂತಾಗುತ್ತಿದ್ದ, ಕಿಮಿಯೆ ಆ ಮನೆಯಲ್ಲಿ ಸಾಯುವವರೆಗೂ ತಲೆ ಎತ್ತುತ್ತಿರಲಿಲ್ಲ. ಅವರಿಬ್ಬರಿಗಾಗಿ ಸುಮ್ಮನಿದ್ದೆ ಎಂದು ಆಮೇಲೆ ಹೇಳಿಕೊಳ್ಳುವಂತೆಯೂ ಇರಲಿಲ್ಲ, ಏಕೆಂದರೆ ಆ ಕ್ಷಣ ಅವಳ ಕಣ್ಣು ಹೋದದ್ದು ಮೊಳೆಯ ಕಡೆಗೆ.

"ಬರಲ್ಲ, ಗುರುಗಳೇ" ಎಂದಳು. "ಇದು ಕೈಯಿಂದ ಬಂದ ಬಣ್ಣ. ನನ್ನ ದ್ರವದಿಂದ ಇದು ಯಾವತ್ತೂ ಸಾಧ್ಯ ಇಲ್ಲ. ಇನ್ನು ಮುಟ್ಟಲ್ಲ."

ಗುರುಗಳು ತಲೆಯಾಡಿಸಿದರು. ಕೇಳಿದ್ರೇನಪ್ಪಾ, ಓದಿದವಳ ಬಾಯಿಂದಲೇ ಬಂತು ಎಂದು ಉಳಿದವರಿಗೆ ಹೇಳಿದರು. ನೊನಾಕಾ ಪೆಟ್ಟಿಗೆಯಿಂದ ಫಲಕ ಹುಡುಕಿ ತಂದು ನೇತುಹಾಕಿದ. ಹನ್ನೊಂದು ವರ್ಷ ಹೊಗೆ, ಬೆಳಕು ತಾಗಿ ಉಳಿದವೆಲ್ಲ ಕಂದಾಗಿದ್ದವು. ಇದೊಂದು ಹಲಗೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಎಲ್ಲರೂ ಅವಳ ಬಟ್ಟಲಿಗೆ ಸಾಕೆ ಸುರಿದರು.

ಹೊರಡುವಾಗ ಕಿಮಿಯೆ ಬಾಗಿಲವರೆಗೆ ಬಂದಳು. ಅವಳ ಮುಖಕ್ಕೆ ಬಣ್ಣ ಮರಳಿತ್ತು.

"ನಾನು ಹೇಳಿದ ಹಾಗೇ ಆಯ್ತಲ್ಲ" ಎಂದಳು. ನಿಜವಾಗಿಯೂ ಸಂತೋಷದಿಂದಲೇ ಹೇಳಿದಳು.

ಮಿಸಾವೊ ಬಗ್ಗಿ ಪಾದರಕ್ಷೆ ಹಾಕಿಕೊಂಡಳು. ಒಳಗೆ ಗುರುಗಳು ಕಥೆ ಹೇಳುತ್ತಿದ್ದರು. ಬಿಲ್ಲೆ ಮತ್ತೆ ಅವರ ಎಡಗೈಯಲ್ಲಿರಬೇಕು, ಹೆಬ್ಬೆರಳು ಎಡ ಅಂಚಿನಿಂದ ಕೊಕ್ಕರೆಯ ಕತ್ತಿಗೆ. ಹತ್ತೊಂಬತ್ತು ಪದರ ಆ ಹೆಬ್ಬೆರಳಿನ ಮುಂದೆ ಎಷ್ಟು ದಿನ? ಜೂನ್ ಮಳೆಯ ಹೊತ್ತಿಗೆ ಅಂಚು ಬೆಳ್ಳಗಾಗುತ್ತದೆ, ಆಮೇಲೆ ಕೆಂಪಾಗುತ್ತದೆ. ಸುಮ್ಮನೆ ಹೋಗಿಬಿಡಬಹುದಿತ್ತು. ಆದರೆ ಆಗಲೂ ಗುರುಗಳು ದ್ರವದ ಹೆಸರೆತ್ತುವುದಿಲ್ಲ. ಯಾರು ಒದ್ದೆ ಕೈಯಲ್ಲಿ ಮುಟ್ಟಿದರು ಎಂದು ಸೊಸೆಯನ್ನು ಕೇಳುತ್ತಾರೆ.

"ಅವರ ಸೊಂಟದ ವ್ಯಾಯಾಮ ಯಾವತ್ತು, ಆಸ್ಪತ್ರೆಯಲ್ಲಿ?" ಎಂದು ಮಿಸಾವೊ ಕೇಳಿದಳು.

"ಮಂಗಳವಾರ. ಬೆಳಿಗ್ಗೆ ಹೋದ್ರೆ ಮಧ್ಯಾಹ್ನ ಬರ್ತಾರೆ."

"ತಿಂಗಳಿಗೊಂದು ಮಂಗಳವಾರ ಬಿಲ್ಲೆ ನನ್ನ ಹತ್ರ ತನ್ನಿ. ಎಡ ಅಂಚು ಸವೀತಾ ಹೋಗತ್ತೆ, ಮತ್ತೆ ಹಚ್ಚಬೇಕು. ಅಂಚಿಗಷ್ಟೇ ಆದ್ರೆ ಬಿಸಿ ಹಬೆಯಲ್ಲಿಟ್ಟು ಅರ್ಧ ದಿನದಲ್ಲಿ ಮುಗಿಸಬಹುದು."

ಕಿಮಿಯೆ ಒಳಗಿನ ಕಡೆ ತಿರುಗಿ ನೋಡಿದಳು.

"ಈಗ ತಾನೇ ಒಳಗೆ, ಮುಟ್ಟಲ್ಲ ಅಂತ..."

"ಹೂಂ."

"ಎಷ್ಟು ತಿಂಗಳು ಹೀಗೆ?"

"ಅವರು ಉಜ್ಜೋದು ನಿಲ್ಲಿಸೋವರೆಗೆ" ಎಂದು ಹೇಳಿ ಮಿಸಾವೊ ಟ್ರಾಮಿನ ಕಡೆಗೆ ನಡೆದಳು.