ಎರಡನೇ ಚಿಲಕ

"ಸೂಟ್‌ಕೇಸ್ ಒಂದು, ಚಪ್ಪಲಿ ಒಂದು ಜೊತೆ. ಇನ್ನೇನಾದ್ರೂ ನಿಮ್ಮದಿದ್ಯಾ ನೋಡ್ಕೊಳ್ಳಿ ತಾಯಿ," ಎಂದ ಕೋರ್ಟಿನ ಅಮೀನ.

ಅವಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವನು ಅರಗಿನ ಮುದ್ರೆ ಒಡೆದು, ಬಾಗಿಲನ್ನು ಹೊರಕ್ಕೆ ತೆರೆದು ಹೊರಗೋಡೆಗೆ ಒತ್ತಿ ನಿಲ್ಲಿಸಿಬಿಟ್ಟಿದ್ದ. ಹೊಲಿಗೆ ಮೆಷಿನ್‌ಗಳಿದ್ದ ಕಡೆ ನೆಲದ ಮೇಲೆ ಆರು ಎಣ್ಣೆಕಲೆಗಳು ಉಳಿದಿದ್ದವು. ಸಂಬಳದ ಕೆಲಸ ಎಂದು ನಂಬಿಸಿ ಕರೆತಂದವನು ಅವಳೂ ಸೇರಿ ಆರು ಹೆಂಗಸರನ್ನು ಒಂದೂವರೆ ವರ್ಷ ಇಲ್ಲಿ ಕೂಡಿಹಾಕಿದ್ದ. ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದ ಅವಳಿಗೆ ಕಾಜಾ ಎಂಬುದೇ ಹೆಸರಾಗಿತ್ತು. ಕೂಡಿಹಾಕಿದವನು ಈಗ ಜೈಲಿನಲ್ಲಿದ್ದ.

"ಮೆಷಿನ್ ಎಲ್ಲಾ ಸರ್ಕಾರಕ್ಕೆ ಹೋಯ್ತು. ಮನೆ ಯಾಕೆ ಹೋಗ್ಲಿಲ್ಲ?"

"ಮೆಷಿನ್ ಜೈಲಿಗೆ ಹೋದ ಮಗಂದು, ಮನೆ ಅವನ ತಾಯಿದು. ಒಳಗೆ ನಡೀತಿದ್ದದ್ದು ತಾಯಿಗೆ ಗೊತ್ತಿತ್ತು ಅಂತ ಸಾಬೀತಾಗದೆ ಮನೆ ಮುಟ್ಟೋ ಹಾಗಿಲ್ಲ." ಅಮೀನ ಪೆನ್ನಿನ ಮುಚ್ಚಳ ಕಚ್ಚಿದ. "ನೀವೇ ಹೇಳಿದ್ರಲ್ಲ, ಕಟಕಟೆಯಲ್ಲಿ."

ಹೇಳಿದ್ದಳು. ಅವನ ತಾಯಿ ಈ ಅಜ್ಜಿಗೆ ಎಂದಾದರೂ ದೂರು ಹೇಳಿದ್ದೀರಾ ಎಂದು ವಕೀಲ ಕೇಳಿದಾಗ ಅಜ್ಜಿ ಎದುರಿನ ಬೆಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದ ಕೈ ಅದು. "ಪಾಪ, ವಯಸ್ಸಾದವರು, ಅವರಿಗೇನು ಗೊತ್ತು" ಎಂದುಬಿಟ್ಟಿದ್ದಳು. ಸಾಕ್ಷಿಗೆ ಬಂದವಳು ಅವಳೊಬ್ಬಳೇ. ಮನೆ ಹರಾಜಾಗಿದ್ದರೆ ಆರು ಜನಕ್ಕೂ ಪರಿಹಾರ ಸಿಗುತ್ತಿತ್ತು. "ನಿನ್ನ ಬಾಯಿಗೊಂದು ಕಾಜಾ ಹೊಲಿದು ಗುಂಡಿ ಹಾಕ್ಬೇಕಿತ್ತು ಕಣೆ" ಎಂದು ಹೇಳಿ ಹೋದ, ಜೊತೆಗೆ ಹೊಲಿಯುತ್ತಿದ್ದ ಗೆಳತಿ ಮತ್ತೆ ಫೋನು ಎತ್ತಿರಲಿಲ್ಲ.

ಅಜ್ಜಿ ಗೋಡೆ ಹಿಡಿದು ಮೇಲೆ ಬಂದಳು. ಬೆನ್ನು ಬಾಗಿ ಮುಖ ನೆಲ ನೋಡುತ್ತಿತ್ತು.

"ಬಂದ್ಯಾ ಮಗಳೇ? ಎಷ್ಟು ಸೊರಗಿದ್ದೀಯೇ! ಆ ಮಹಿಳಾ ನಿಲಯದಲ್ಲಿ ಸರಿಯಾಗಿ ಊಟ ಹಾಕಲ್ವಾ?"

"ಹಾಕ್ತಾರೆ ಅಜ್ಜಿ. ಇದನ್ನ ಬಾಡಿಗೆಗೆ ಕೊಡ್ತೀರಾ?"

"ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳು ಯಾರಾದ್ರೂ ಬಂದ್ರೆ ಕೊಡೋಣ ಅಂತ. ನನಗೂ ಜೊತೆ ಆಗತ್ತೆ," ಎಂದು ಅಜ್ಜಿ ಮತ್ತೆ ಮೆಟ್ಟಿಲಿಳಿಯತೊಡಗಿದಳು.

ಸೂಟ್‌ಕೇಸ್ ಎತ್ತಿಕೊಂಡು ಹೊರಬಂದ ಕಾಜಾ ಬಾಗಿಲನ್ನು ಗೋಡೆಯಿಂದ ಎಳೆದಳು. ಅದರ ಹೊರಮೈಯನ್ನು ಅವಳು ಎಂದೂ ನೋಡಿರಲಿಲ್ಲ. ಪೊಲೀಸರು ಕರೆದೊಯ್ದ ದಿನ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಮೇಲೆ, ಕೈ ಚಾಚಿದರಷ್ಟೇ ಸಿಗುವಷ್ಟು ಎತ್ತರದಲ್ಲಿ ಕಬ್ಬಿಣದ ದೊಡ್ಡ ಚಿಲಕ. ಮಗ ಹಾಕಿದಾಗ ಅದು ಧಡಾರ್ ಎನ್ನುತ್ತಿತ್ತು. ಮಧ್ಯಾಹ್ನ ಅಜ್ಜಿ ತಟ್ಟೆಗಳನ್ನಿಟ್ಟು ಹೋದ ಮೇಲೆ ಸದ್ದು ಬರದಿದ್ದರೂ ಬಾಗಿಲು ಅಲುಗುತ್ತಿರಲಿಲ್ಲ. ಮಗನೇ ಹೊರಗೆ ಒತ್ತಿಕೊಂಡು ನಿಂತಿರುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಕೆಳಗೆ, ಅವಳ ಸೊಂಟಕ್ಕಿಂತ ತಗ್ಗಿನಲ್ಲಿ ಇನ್ನೊಂದು ಚಿಲಕವಿತ್ತು. ಚಿಕ್ಕದು. ಮುಟ್ಟಿ ಮುಟ್ಟಿ ಹಿಡಿ ಹೊಳೆಯುತ್ತಿತ್ತು. ಕಾಜಾ ಮೆಟ್ಟಿಲ ಕಡೆ ನೋಡಿದಳು. ಅಜ್ಜಿಯ ಕೈ ಗೋಡೆಯ ಮೇಲೆ ಅಷ್ಟೇ ಎತ್ತರದಲ್ಲಿ ಸರಿಯುತ್ತಿತ್ತು.

"ಇದನ್ನ ಬರ್ಕೊಳ್ಳಿ ಅಮೀನರೇ."

ಅಮೀನ ಬಗ್ಗಿ ಚಿಲಕ ನೋಡಿದ, ಮೆಟ್ಟಿಲು ನೋಡಿದ. ಅವನಿಗೂ ಅರ್ಥವಾಯಿತು.

"ಅಪೀಲಿನ ಗಡುವು ಹೋದ ತಿಂಗಳೇ ಮುಗೀತು ತಾಯಿ," ಎಂದ ಮೆಲ್ಲಗೆ. "ನಾನು ಬರೆಯೋದು ಸೂಟ್‌ಕೇಸು, ಚಪ್ಪಲಿ ಅಷ್ಟೇ. ಇಲ್ಲಿ ಸಹಿ ಹಾಕಿ."

ಹಾಕಿದಳು.

"ಬಾಗಿಲು ಹಾಕ್ಕೊಂಡು ಹೋಗಮ್ಮಾ, ಗಾಳಿಗೆ ಬಡ್ಕೊಳ್ಳತ್ತೆ," ಅಜ್ಜಿ ಕೆಳಗಿನಿಂದ ಕೂಗಿದಳು.

ಕಾಜಾ ಬಗ್ಗಿದಳು. ಚಿಲಕ ಒಂದೇ ಬೆರಳಿಗೆ ಸರಿಯಿತು, ಸದ್ದೇ ಇಲ್ಲದೆ. ಬೆರಳಿಗೆ ಮೆಷಿನ್ ಎಣ್ಣೆ ಹತ್ತಿತ್ತು.